ಆಗುಂಬೆ ದಾರಿಯಲ್ಲಿ ಮಳೆಗೆ ನಿಲ್ಲಲು ಸೂರು ಬೇಕು

ಮಾನ್ಯ ಸಂಪಾದಕರೇ,

ತೀರ್ಥಹಳ್ಳಿಯಿಂದ ಆಗುಂಬೆ, ಹೆಬ್ರಿ ಮಾರ್ಗವಾಗಿ ಉಡುಪಿ, ಮಲ್ಪೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎ ಕುರಿತು ನಡೆಯುವ ಚರ್ಚೆಯೆಲ್ಲ ಸಾಮಾನ್ಯವಾಗಿ ಘಾಟಿಯ ಕುಸಿತ, ಭಾರಿ ವಾಹನಗಳ ನಿಷೇಧ, ಅಗಲೀಕರಣ ಇವುಗಳ ಸುತ್ತಲೇ ಇರುತ್ತದೆ. ಅವು ಮುಖ್ಯವಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಇದೇ ರಸ್ತೆಯನ್ನು ಸೈಕಲ್ಲಿನಲ್ಲಿ ಕ್ರಮಿಸುವವರ ಪಾಲಿಗೆ ಬೆಳಗಿನಿಂದ ಸಂಜೆಯವರೆಗೆ ಎದುರಾಗುವ ಪ್ರಶ್ನೆಯೇ ಬೇರೆ: ಬಿಸಿಲಿದ್ದ ಕಡೆ ಹತ್ತು ನಿಮಿಷದಲ್ಲಿ ಮಳೆ ಬಿದ್ದರೆ, ಮಳೆಯ ಜೊತೆಗೆ ಸಿಡಿಲೂ ಬಂದರೆ, ಎಲ್ಲಿ ನಿಲ್ಲುವುದು? ಈ ಪ್ರಶ್ನೆಗೆ ಹಿಂದಿನವರು ಕಟ್ಟಿಸಿಟ್ಟಿದ್ದ ಉತ್ತರ ರಸ್ತೆ ಬದಿಯ ತಂಗುದಾಣ. ಅದು ಒಂದೊಂದಾಗಿ ಇಲ್ಲವಾಗುತ್ತಿರುವುದನ್ನು ಸಂಬಂಧಪಟ್ಟವರ ಗಮನಕ್ಕೆ ತರುವ ಉದ್ದೇಶದಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಮತ್ತು ನನ್ನ ಪತಿ ಶಿವಮೊಗ್ಗದವರು, ಇಬ್ಬರೂ ಐವತ್ತು ದಾಟಿದವರು. ಮಕ್ಕಳು ಓದು, ಉದ್ಯೋಗವೆಂದು ಊರು ಬಿಟ್ಟ ಮೇಲೆ, ಬಿಡುವು ಸಿಕ್ಕಾಗಲೆಲ್ಲ ಬಟ್ಟೆಬರೆಯ ಚೀಲಗಳನ್ನು ಕ್ಯಾರಿಯರ್‌ಗೆ ಬಿಗಿದುಕೊಂಡು ದೂರದ ಊರುಗಳಿಗೆ ಸೈಕಲ್ಲಿನಲ್ಲೇ ಹೋಗುವುದನ್ನು ರೂಢಿ ಮಾಡಿಕೊಂಡಿದ್ದೇವೆ. ನಮ್ಮದು ಪಂದ್ಯವಲ್ಲ, ದಾಖಲೆಯ ಆಸೆಯೂ ಇಲ್ಲ. ಕಳೆದ ಅಕ್ಟೋಬರಿನ ಚಿತ್ತಾ ಮಳೆಯ ದಿನಗಳಲ್ಲಿ ತೀರ್ಥಹಳ್ಳಿಯಲ್ಲಿ ರಾತ್ರಿ ತಂಗಿದ್ದು, ಮರುದಿನ ಬೆಳಗ್ಗೆ ಹೊರಟು ಉಡುಪಿ ಸೇರಿದೆವು. ದಾರಿ ಸುಮಾರು 90 ಕಿಲೋಮೀಟರ್. ಅಷ್ಟರಲ್ಲೇ ಮಂಜು, ಸುಡುಬಿಸಿಲು, ಜಿಟಿಜಿಟಿ ಮಳೆ, ಕರಾವಳಿಯ ಸೆಕೆ, ಕೊನೆಗೆ ಗುಡುಗು-ಸಿಡಿಲಿನ ಜಡಿಮಳೆ ಎಲ್ಲವನ್ನೂ ಕಂಡೆವು. ಚಿತ್ತಾ ಮಳೆ ಯಾವ ಊರಿಗೆ ಬೀಳುತ್ತದೆ, ಯಾವ ಊರನ್ನು ಬಿಟ್ಟುಹೋಗುತ್ತದೆ ಎಂದು ಹೇಳಲಾಗದು ಎಂಬುದು ನಮ್ಮ ಕಡೆಯ ಹಿರಿಯರ ಅನುಭವ.

ಆಗುಂಬೆಯಲ್ಲಿ ಮಳೆ ಹೆಚ್ಚೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆ ಊರಿನಲ್ಲಿ 1946ರ ಆಗಸ್ಟ್ ತಿಂಗಳೊಂದರಲ್ಲೇ 4,508 ಮಿಲಿಮೀಟರ್ ಮಳೆ ದಾಖಲಾಗಿತ್ತು. ಆದರೆ ಮುಂಗಾರಿನ ಆ ತಿಂಗಳುಗಳಲ್ಲಿ ಸೈಕಲ್ ಪ್ರಯಾಣಿಕರು ಈ ಘಾಟಿಗೆ ಬರುವುದು ಕಡಿಮೆ. ಬಂದರೂ ಮಳೆ ಇದ್ದೇ ಇರುತ್ತದೆಂದು ಸಿದ್ಧರಾಗಿಯೇ ಬರುತ್ತಾರೆ. ತೊಂದರೆ ಇರುವುದು ಮುಂಗಾರಿನ ಆಚೀಚೆಯ ತಿಂಗಳುಗಳಲ್ಲಿ, ಅಂದರೆ ಏಪ್ರಿಲ್-ಮೇ ಮತ್ತು ಅಕ್ಟೋಬರಿನಲ್ಲಿ. ಬೆಳಗಿನ ಬಿಸಿಲಿಗೆ ನೆಲ ಕಾಯುತ್ತದೆ, ಸಮುದ್ರದ ಕಡೆಯಿಂದ ಬಂದ ತೇವದ ಗಾಳಿ ಘಟ್ಟದ ಗೋಡೆಗೆ ತಾಗಿ ಮೇಲೇರುತ್ತದೆ, ಮಧ್ಯಾಹ್ನ ಮೂರರ ಹೊತ್ತಿಗೆ ಮೋಡ ಗೋಪುರದಷ್ಟು ಎತ್ತರಕ್ಕೆ ಬೆಳೆದು ನಿಲ್ಲುತ್ತದೆ. ಮುಂಗಾರಿನ ಮಳೆಗೆ ಸಿಡಿಲು ಕಡಿಮೆ. ಈ ಮಳೆಗಳಿಗೆ ಸಿಡಿಲೇ ಮುಂದು. ಕಾರಿನಲ್ಲಿ ಕೂತವರಿಗೆ ಈ ವ್ಯತ್ಯಾಸ ಗೊತ್ತಾಗದಿರಬಹುದು, ಸೈಕಲ್ ತುಳಿಯುವವರಿಗೆ ಗೊತ್ತಾಗದೆ ಇರದು.

ಆ ದಿನ ತೀರ್ಥಹಳ್ಳಿ ಬಿಡುವಾಗ ತುಂಗಾ ಸೇತುವೆಯ ಆಚೆ ದಡ ಕಾಣದಷ್ಟು ಮಂಜಿತ್ತು. ಕನ್ನಡಕ ಒರೆಸಿಕೊಳ್ಳುತ್ತ, ಹಿಂದಿನ ಕೆಂಪು ದೀಪ ಹೊತ್ತಿಸಿಕೊಂಡು, ಒಬ್ಬರ ಹಿಂದೆ ಒಬ್ಬರು ಹೋದೆವು. ಮೇಗರವಳ್ಳಿ ತಲುಪುವ ಹೊತ್ತಿಗೆ ಮಂಜು ಹರಿದು, ಬೆನ್ನು ಸುಡುವ ಬಿಸಿಲು. ಗುಡ್ಡೇಕೇರಿ ದಾಟಿದ ಮೇಲೆ ಬಿಸಿಲಿರುವಾಗಲೇ ಹನಿ ಬಿತ್ತು, ಐದು ನಿಮಿಷದಲ್ಲಿ ಮಳೆ ಬಲವಾಯಿತು. ಅಲ್ಲಿ ನಮ್ಮನ್ನು ಕಾಪಾಡಿದ್ದು ಒಂದು ಹಳೆಯ ತಂಗುದಾಣ.

ಆ ತಂಗುದಾಣದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಲು ಅವಕಾಶ ಕೊಡಬೇಕು. ಮೂರು ಕಡೆ ಗೋಡೆ, ಮೇಲೆ ಮಂಗಳೂರು ಹೆಂಚಿನ ಇಳಿಜಾರು ಮಾಡು, ಒಳಗೆ ಗೋಡೆಯುದ್ದಕ್ಕೂ ಸಿಮೆಂಟಿನ ಕಟ್ಟೆ, ಹೊರಗೆ ನೆತ್ತಿಯ ಮೇಲೆ ತೀರಿಕೊಂಡ ಯಾರದೋ ಸ್ಮರಣಾರ್ಥ ಅವರ ಮಕ್ಕಳು ಕಟ್ಟಿಸಿದ್ದೆಂಬ ಬರಹ. ನೆಲ ರಸ್ತೆಗಿಂತ ಎರಡು ಮೆಟ್ಟಿಲು ಎತ್ತರದಲ್ಲಿದ್ದುದರಿಂದ ಹರಿಯುವ ನೀರು ಒಳಗೆ ಬರಲಿಲ್ಲ. ಮಾಡಿನ ಮುಂಭಾಗ ಒಂದು ಮೊಳದಷ್ಟು ಮುಂದಕ್ಕೆ ಚಾಚಿದ್ದುದರಿಂದ ಎರಚಲೂ ಒಳಗೆ ಬರಲಿಲ್ಲ. ತೆರೆದ ಬದಿ ಗಾಳಿ-ಮಳೆ ನುಗ್ಗುವ ಪಶ್ಚಿಮಕ್ಕಲ್ಲ, ಪೂರ್ವಕ್ಕಿತ್ತು. ಮಲೆನಾಡಿನ ಮಳೆಯನ್ನು ಬಲ್ಲ ಗಾರೆಯವರು ಕಟ್ಟಿದ್ದೆಂಬುದು ನೋಡಿದ ಕೂಡಲೇ ತಿಳಿಯುತ್ತಿತ್ತು. ನಾವು ಸೈಕಲ್ಲುಗಳನ್ನು ಒಳಗೇ ಒರಗಿಸಿದೆವು. ತಲೆಯ ಮೇಲಿನ ಹುಲ್ಲಿನ ಹೊರೆ ಇಳಿಸಿ ಕೂತ ಅಜ್ಜಿ, ಬೈಕ್ ನಿಲ್ಲಿಸಿದ ಇಬ್ಬರು ಹುಡುಗರು, ಆಸ್ಪತ್ರೆಗೆ ಹೊರಟಿದ್ದ ಬಸುರಿ ಹೆಂಗಸು ಮತ್ತು ಆಕೆಯ ಅತ್ತೆ, ಇಷ್ಟು ಜನಕ್ಕೂ ಅಲ್ಲಿ ಜಾಗವಿತ್ತು. ಅಲ್ಲಿ ಸೈಕಲ್ಲಿನವರು ನಾವಿಬ್ಬರೇ. ಆದ್ದರಿಂದ ಇದು ನಮ್ಮಂಥವರ ಹವ್ಯಾಸದ ಅನುಕೂಲಕ್ಕಾಗಿ ಕೇಳುವ ಮಾತಲ್ಲ.

ಈಗ ಇಂಥವುಗಳ ಜಾಗದಲ್ಲಿ ಬರುತ್ತಿರುವುದು ನಾಲ್ಕು ಸ್ಟೀಲ್ ಕಂಬಗಳ ಮೇಲೆ ಬಾಗಿಸಿ ಕೂರಿಸಿದ ಶೀಟು, ಹಿಂದೆ ಜಾಹೀರಾತಿನ ಫಲಕ, ತೂತುಗಳಿರುವ ಮೂರು ಕುರ್ಚಿ. ಬೇಸಗೆಯಲ್ಲಿ ಶೀಟಿನ ಕಾವಿಗೆ ಅದರಡಿ ನಿಲ್ಲಲಾಗದು. ಮಳೆಗಾಲದಲ್ಲಿ ಎರಡೂ ಬದಿಯಿಂದ ಎರಚಲು ಬಡಿದು ಸೊಂಟದವರೆಗೆ ಒದ್ದೆಯಾಗುತ್ತದೆ. ಬಯಲುಸೀಮೆಯ ನಗರಕ್ಕೆ ಮಾಡಿದ ನಕ್ಷೆಯನ್ನೇ ಘಟ್ಟದ ಊರಿಗೂ ತಂದು ನಿಲ್ಲಿಸಿದರೆ ಹೀಗೇ ಆಗುವುದು.

ಆಗುಂಬೆಗೆ ಬರುವಷ್ಟರಲ್ಲಿ ಮಳೆ ನಿಂತು ಮತ್ತೆ ಮಂಜು ಕವಿದಿತ್ತು. ಘಾಟಿಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ: 14 ಹೇರ್‌ಪಿನ್ ತಿರುವುಗಳು, ದೊಡ್ಡ ಬಸ್ಸುಗಳು ತಿರುಗಲಾರದೆ ಮಿನಿ ಬಸ್ಸುಗಳೇ ಓಡಾಡುವಷ್ಟು ಇಕ್ಕಟ್ಟು, ಕೆಲವೇ ಕಿಲೋಮೀಟರುಗಳಲ್ಲಿ ಸುಮಾರು ಅರ್ಧ ಕಿಲೋಮೀಟರಿನಷ್ಟು ಎತ್ತರದಿಂದ ಸೋಮೇಶ್ವರಕ್ಕೆ ಇಳಿತ. ಸೈಕಲ್ಲಿನ ರಿಮ್ ಒದ್ದೆಯಾದರೆ ಬ್ರೇಕ್ ರಬ್ಬರ್ ಮೊದಲ ಕೆಲವು ಸುತ್ತು ನೀರನ್ನು ಒರೆಸುವುದರಲ್ಲೇ ಕಳೆಯುತ್ತದೆ, ಹಿಡಿತ ಆಮೇಲೆ ಸಿಗುತ್ತದೆ. ಹಿಂದೆ ಭಾರದ ಚೀಲ ಬೇರೆ. ಹೀಗಾಗಿ ಒದ್ದೆ ರಸ್ತೆಯಲ್ಲಿ ಇಳಿಯಬೇಕೋ ಕಾಯಬೇಕೋ ಎಂಬುದು ಸಣ್ಣ ನಿರ್ಧಾರವಲ್ಲ. ನನ್ನ ಪತಿ ಮಂಜು ಇನ್ನಷ್ಟು ದಟ್ಟವಾಗುವ ಮೊದಲೇ ಇಳಿಯೋಣವೆಂದರು, ನಾನು ಕಾಯೋಣವೆಂದೆ. ದೂರದ ಪ್ರಯಾಣ ಶುರುಮಾಡಿದಾಗಲೇ ನಾವು ಒಂದು ಮಾತು ಮಾಡಿಕೊಂಡಿದ್ದೇವೆ: ಇಬ್ಬರಲ್ಲಿ ಯಾರಿಗೆ ಹೆದರಿಕೆ ಹೆಚ್ಚೋ ಅವರ ಮಾತೇ ನಡೆಯಬೇಕು. ಜೊತೆಯಾಗಿ ಸೈಕಲ್ ತುಳಿಯುವ ಎಲ್ಲ ದಂಪತಿಗಳಿಗೂ ಇದನ್ನು ನಾನು ಮನಸಾರೆ ಹೇಳುತ್ತೇನೆ. ಹೋಟೆಲಿನಲ್ಲಿ ಬಿಸಿ ಬನ್ಸ್ ತಿಂದು, ಕಷಾಯ ಕುಡಿದು ಕಾದೆವು.

ಕಾಯುವಾಗ ತಿಳಿಯಬೇಕಾಗಿದ್ದುದು ಒಂದೇ ವಿಷಯ: ಕೆಳಗೆ ಮಳೆ ಇದೆಯೇ, ಸಿಡಿಲಿದೆಯೇ? ಈ ಮಾಹಿತಿ ನಮ್ಮ ರಾಜ್ಯದಲ್ಲಿ ಇಲ್ಲದಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ, ‘ವರುಣಮಿತ್ರ’ ಸಹಾಯವಾಣಿ ನಡೆಸುತ್ತದೆ, ಸಿಡಿಲಿನ ಮುನ್ಸೂಚನೆಗೆ ‘ಸಿಡಿಲು’ ಆ್ಯಪ್ ರೂಪಿಸಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಕೂಡ ಇದೆ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಪ್ರತಿದಿನ ಸುದ್ದಿಯಲ್ಲಿ ಬರುತ್ತವೆ. ಇವನ್ನೆಲ್ಲ ನಡೆಸುವವರಿಗೆ ನಾನು ಕೃತಜ್ಞಳು. ಆದರೆ ಎಚ್ಚರಿಕೆ ಜಿಲ್ಲೆಗೆ ಒಂದೇ. ಶಿವಮೊಗ್ಗ ಜಿಲ್ಲೆಯ ಬಣ್ಣ ಒಂದು, ಉಡುಪಿಯದು ಇನ್ನೊಂದು ಇದ್ದಾಗ ಎರಡರ ಗಡಿಯಲ್ಲಿರುವ ಘಾಟಿಗೆ ಯಾವುದು ಅನ್ವಯವಾಗುತ್ತದೆ? ಆ್ಯಪ್ ನೋಡೋಣವೆಂದರೆ ಅತ್ಯಂತ ಅಗತ್ಯವಿರುವ ಆ ಕಾಡಿನ ದಾರಿಯಲ್ಲೇ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಕೊನೆಗೆ ನಮಗೆ ವಿಷಯ ತಿಳಿದದ್ದು ಕೆಳಗಿನಿಂದ ಹತ್ತಿಬಂದ ಮಿನಿ ಬಸ್ಸಿನ ಚಾಲಕರಿಂದ. ‘ಕೆಳಗೆ ಬಿಸಿಲುಂಟು, ಐದನೇ ತಿರುವಿನವರೆಗೆ ಮಾತ್ರ ಮಂಜು, ನಿಧಾನ ಹೋಗಿ’ ಎಂದರು. ಅವರು ಹೇಳಿದಂತೆಯೇ ಇತ್ತು. ಪ್ರತಿ ತಿರುವಿಗೂ ಮುಂಚೆ ವೇಗ ಇಳಿಸಿ, ಎರಡು ಕಡೆ ಪೂರ್ತಿ ನಿಂತು ರಿಮ್‌ಗೆ ಅಂಟಿದ ಕಪ್ಪು ಕೆಸರನ್ನು ಬಟ್ಟೆಯಿಂದ ಒರೆಸಿ, ಸುಖವಾಗಿ ಸೋಮೇಶ್ವರ ಸೇರಿದೆವು.

ಆ ಚಾಲಕರಲ್ಲಿದ್ದ ತಿಳಿವಳಿಕೆ ಒಂದು ಕಪ್ಪು ಹಲಗೆಯ ಮೇಲೆ ಬರೆದಿದ್ದರೆ ಎಷ್ಟು ಜನಕ್ಕೆ ಉಪಕಾರವಾಗುತ್ತಿತ್ತು! ಘಾಟಿಯ ಮೇಲೆ ಆಗುಂಬೆಯಲ್ಲೂ ಕೆಳಗೆ ಸೋಮೇಶ್ವರದಲ್ಲೂ ತನಿಖಾ ಠಾಣೆಗಳಿವೆ, ಅಲ್ಲಿ ಸಿಬ್ಬಂದಿ ಇರುತ್ತಾರೆ. ದಿನಕ್ಕೆ ಮೂರು ಬಾರಿ ಮಳೆ, ಮಂಜು, ಸಿಡಿಲು, ಕುಸಿತ ಈ ನಾಲ್ಕರ ಸ್ಥಿತಿಯನ್ನು ಸೀಮೆಸುಣ್ಣದಲ್ಲಿ ಬರೆದು, ಬರೆದ ಸಮಯವನ್ನೂ ನಮೂದಿಸಿದರೆ ಸಾಕು. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ.

ಸೋಮೇಶ್ವರದಿಂದ ಸೀತಾನದಿ, ಹೆಬ್ರಿಯವರೆಗೆ ಕಾಡಿನ ನೆರಳು. ಒದ್ದೆ ಬಟ್ಟೆ ಮೈಮೇಲೇ ಒಣಗಿತು. ಹೆಬ್ರಿಯಲ್ಲಿ ಊಟ ಮಾಡಿ ಹೊರಟಾಗ ಎರಡು ಗಂಟೆ ದಾಟಿತ್ತು. ಪೆರ್ಡೂರಿನ ಕಡೆ ಅರ್ಧ ದಾರಿ ಹೋಗುವಷ್ಟರಲ್ಲಿ ಹಿಂದಿನಿಂದ, ಘಟ್ಟದ ಕಡೆಯಿಂದ, ಗುಡುಗು ಕೇಳಿತು. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಬೇಕು. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು. ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ ಎಂದರ್ಥ, ಕೂಡಲೇ ಆಸರೆ ಹಿಡಿಯಬೇಕು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಡಬಾರದು. ಸೈಕಲ್ಲಿಗೆ ರಬ್ಬರ್ ಟೈರ್ ಇರುವುದರಿಂದ ಸಿಡಿಲು ಬಡಿಯದೆಂದು ನಂಬುವವರು ಈಗಲೂ ಇದ್ದಾರೆ. ಆ ನಂಬಿಕೆಗೆ ಆಧಾರವಿಲ್ಲ. ಮೋಡದಿಂದ ನೆಲಕ್ಕೆ ಗಾಳಿಯನ್ನೇ ಸೀಳಿಕೊಂಡು ಬರುವ ವಿದ್ಯುತ್ತಿಗೆ ಒಂದಂಗುಲ ರಬ್ಬರ್ ತಡೆಯೇ ಅಲ್ಲ. ಒಂಟಿ ಮರದ ಅಡಿ ನಿಲ್ಲುವುದಂತೂ ಎಲ್ಲಕ್ಕಿಂತ ಅಪಾಯ.

ನಾವು ಎಣಿಸಿದಾಗ ಹದಿನೈದು ಸೆಕೆಂಡು. ಆ ಹೊತ್ತಿಗೆ ನಾವಿದ್ದುದು ರಸ್ತೆ ಅಗಲ ಮಾಡಿದ ಭಾಗದಲ್ಲಿ. ಅಲ್ಲಿ ಹಳೆಯ ತಂಗುದಾಣದ ಅಡಿಪಾಯದ ಕಲ್ಲುಗಳು ಮಾತ್ರ ಕೆಂಪು ಮಣ್ಣಿನಲ್ಲಿ ಎದ್ದು ಕಾಣುತ್ತಿದ್ದವು. ಅದೇ ಊರಿನ ಹೆಸರಿನ ಹೊಸ ಹಸಿರು ಫಲಕ ಇತ್ತು, ಬಸ್ ನಿಲ್ಲುವ ಜಾಗವೂ ಅದೇ, ಸೂರು ಮಾತ್ರ ಇರಲಿಲ್ಲ. ರಸ್ತೆಯಿಂದ ಸ್ವಲ್ಪ ಒಳಗಿದ್ದ ಮನೆಯೊಂದರ ಜಗಲಿಯಿಂದ ಹೆಂಗಸೊಬ್ಬರು ಕೈಬೀಸಿ ಕರೆದರು. ‘ಅಲ್ಲಿ ಎಂತ ನಿಂತದ್ದು ಅಕ್ಕಾ, ಸಿಡಿಲು ಜೋರುಂಟು, ಇಬ್ರೂ ಒಳಗೆ ಬನ್ನಿ’ ಎಂದರು. ಒಳಗೆ ಕೂರಿಸಿ, ಆ ಕಡೆಯ ಪದ್ಧತಿಯಂತೆ ಬೆಲ್ಲ, ನೀರು ತಂದಿಟ್ಟು, ಆಮೇಲೆ ಟವೆಲ್ ಕೊಟ್ಟರು. ಒಂದು ಗಂಟೆಗೂ ಹೆಚ್ಚು ಹೊತ್ತು ಮಳೆ ಸುರಿಯಿತು. ನಡುವೆ ಶಾಲೆ ಬಿಟ್ಟು ಬಂದ ಮೂವರು ಮಕ್ಕಳನ್ನೂ ಅವರು ಹಾಗೆಯೇ ಕೂಗಿ ಒಳಕ್ಕೆ ಕರೆದುಕೊಂಡರು. ತಂಗುದಾಣ ಒಡೆದ ಮೇಲೆ ಮಳೆ ಬಂದ ದಿನವೆಲ್ಲ ಹೀಗೇ ಎಂದು ಸಹಜವಾಗಿ ಹೇಳಿದರು. ಅವರ ಔದಾರ್ಯ ದೊಡ್ಡದು. ಆದರೆ ಸಾರ್ವಜನಿಕ ರಸ್ತೆಯ ಪ್ರಯಾಣಿಕರ ರಕ್ಷಣೆಯನ್ನು ಒಂದು ಮನೆಯವರ ಒಳ್ಳೆಯತನಕ್ಕೆ ಬಿಟ್ಟುಬಿಡುವುದು ಯಾವ ನ್ಯಾಯ? ಆ ಮನೆಗೆ ಬೀಗ ಹಾಕಿದ್ದ ದಿನ ಆ ಮಕ್ಕಳು ಎಲ್ಲಿ ನಿಲ್ಲಬೇಕು?

ಇದೇ ಭಾಗದ ರಸ್ತೆಯ ಅಂಚಿನ ಬಗ್ಗೆಯೂ ಒಂದು ಮಾತು. ಡಾಂಬರಿನ ಮೇಲೆ ಡಾಂಬರು ಹಾಕುತ್ತ ಬಂದಂತೆ ರಸ್ತೆ ಎತ್ತರವಾಗಿ, ಪಕ್ಕದ ಮಣ್ಣು ಅಲ್ಲೇ ಉಳಿದು, ಅಂಚಿನಲ್ಲಿ ಗೇಣುದ್ದದ ಇಳಿಕೆ ಉಂಟಾಗಿದೆ. ಹಿಂದಿನಿಂದ ವಾಹನ ಹಾರನ್ ಮಾಡಿದರೆ ಸೈಕಲ್ಲಿನವರು ಕೆಳಗಿಳಿಯುವಂತಿಲ್ಲ. ಇಳಿದರೆ ಬೀಳುವುದು ನಿಶ್ಚಿತ. ಮಳೆಯಲ್ಲಿ ಆ ಇಳಿಕೆಯ ತುಂಬ ಕೆಂಪು ನೀರು ನಿಂತು ಆಳವೇ ತಿಳಿಯುವುದಿಲ್ಲ. ಎರಡು ಪಥದ ಹೆದ್ದಾರಿಗೆ 7 ಮೀಟರ್ ಅಗಲದ ರಸ್ತೆ, ಎರಡೂ ಬದಿಗೆ ಒಂದೂವರೆ ಮೀಟರಿನಂತೆ ಡಾಂಬರಿನ ಪಟ್ಟಿ ಎಂಬ ಅಳತೆ ಬಳಕೆಯಲ್ಲಿದೆ. ಆ ಒಂದೂವರೆ ಮೀಟರ್ ಪಟ್ಟಿ ಇದ್ದ ಕಡೆಗಳಲ್ಲಿ ಮಳೆಯಲ್ಲೂ ನಮಗೆ ಹೆದರಿಕೆ ಆಗಲಿಲ್ಲ. ಇಲ್ಲದ ಕಡೆ ಕನಿಷ್ಠ ಮಣ್ಣು ತುಂಬಿಸಿ ಅಂಚನ್ನು ಸಮ ಮಾಡಬೇಕು. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದಾಗ ಎಷ್ಟೋ ಹಳ್ಳಿಗಳ ಹೆಣ್ಣುಮಕ್ಕಳು ಮೊದಲ ಬಾರಿಗೆ ಪ್ರೌಢಶಾಲೆಗೆ ತಾವಾಗಿಯೇ ಹೋಗುವಂತಾಯಿತು. ಮಕ್ಕಳಿಗೆ ಸೈಕಲ್ ಕೊಟ್ಟ ಸಮಾಜ ಆ ಸೈಕಲ್ ಓಡಿಸಲು ರಸ್ತೆಯಲ್ಲಿ ಒಂದು ಗಜ ಜಾಗವನ್ನೂ ಕೊಡಬೇಕಲ್ಲವೇ?

ಹೆಣ್ಣಾಗಿ ನಾನು ಹೇಳಲೇಬೇಕಾದ ಇನ್ನೊಂದು ವಿಷಯ ಶೌಚಾಲಯ. ಪೆಟ್ರೋಲ್ ಬಂಕ್‌ಗಳು ಗಾಳಿ, ಕುಡಿಯುವ ನೀರು, ಶೌಚಾಲಯ ಇವನ್ನು ಸಾರ್ವಜನಿಕರಿಗೆ ಉಚಿತವಾಗಿ ಒದಗಿಸಬೇಕೆಂಬ ನಿಯಮವಿದೆ. ದಾರಿಯ ಬಂಕ್ ಒಂದರಲ್ಲಿ ಬೀಗದ ಕೈ ಮಾಲೀಕರ ಬಳಿ ಇದೆಯೆಂಬ ಉತ್ತರ ಸಿಕ್ಕಿತು. ಇದೇ ಕಾರಣಕ್ಕೆ ದೂರದ ಪ್ರಯಾಣದಲ್ಲಿ ನೀರನ್ನೇ ಕುಡಿಯದ ಹೆಂಗಸರು ಎಷ್ಟೋ ಮಂದಿ. ಸೆಕೆಯಲ್ಲಿ ಸೈಕಲ್ ತುಳಿಯುವಾಗ ನೀರು ಕುಡಿಯದಿದ್ದರೆ ತಲೆಸುತ್ತು, ಸ್ನಾಯು ಸೆಳೆತ ತಪ್ಪಿದ್ದಲ್ಲ. ಹೊಸ ತಂಗುದಾಣ ಕಟ್ಟುವಾಗ ದೊಡ್ಡ ಊರುಗಳಲ್ಲಾದರೂ ಅದರ ಜೊತೆಗೇ ಹೆಂಗಸರಿಗೆ ಒಂದು ಶೌಚಾಲಯ, ಒಂದು ನಲ್ಲಿ ಸೇರಿಸುವುದು ಅತಿಯಾದ ಬೇಡಿಕೆಯಲ್ಲ.

ಮಳೆ ನಿಂತ ಮೇಲೆ ಪರ್ಕಳದ ಏರು ಹತ್ತಿ ಮಣಿಪಾಲ ದಾಟಿ, ಕತ್ತಲಾಗುವ ಮೊದಲೇ ಉಡುಪಿ ತಲುಪಿದೆವು. ಇಂಥ ಪ್ರಯಾಣ ಅಪಾಯವೆಂದೂ, ಈ ವಯಸ್ಸಿನಲ್ಲಿ ಯಾಕೆಂದೂ ಕೇಳುವವರಿಗೆ ನನ್ನ ಉತ್ತರ ಸರಳ. ಒಂದೇ ದಿನದಲ್ಲಿ ತುಂಗೆಯ ಮಂಜಿನಿಂದ ಕಡಲ ಗಾಳಿಯವರೆಗೆ ನಾಡನ್ನು ಮೈಯಾರೆ ಅನುಭವಿಸುವ ಸಂತೋಷ ಬೇರೆ ಯಾವ ವಾಹನದಲ್ಲೂ ಇಲ್ಲ. ಹವೆ ಬದಲಾಗುವುದು ಆ ಸಂತೋಷದ ಭಾಗವೇ. ಅದನ್ನು ನಾವು ದೂರುತ್ತಿಲ್ಲ.

ಆದ್ದರಿಂದ ರಸ್ತೆಯ ಹೊಣೆ ಹೊತ್ತವರಲ್ಲಿ, ಎರಡೂ ಜಿಲ್ಲಾಡಳಿತಗಳಲ್ಲಿ ನನ್ನ ವಿನಂತಿ ಇಷ್ಟು. ಅಗಲೀಕರಣಕ್ಕಾಗಿ ಕೆಡವಿದ ಪ್ರತಿಯೊಂದು ತಂಗುದಾಣವನ್ನೂ ಅದೇ ನಿಲುಗಡೆಯಲ್ಲಿ ಕಟ್ಟಿಕೊಡುವುದನ್ನು ಕಾಮಗಾರಿಯ ಅಂದಾಜುಪಟ್ಟಿಯಲ್ಲೇ ಸೇರಿಸಲಿ. ಯಾವ ಊರಿನಲ್ಲಿ ಯಾವ ತಂಗುದಾಣ ಇತ್ತು, ಯಾರ ಸ್ಮರಣಾರ್ಥ ಇತ್ತು ಎಂಬುದು ಆಯಾ ಗ್ರಾಮ ಪಂಚಾಯಿತಿಯವರಿಗೆ ಗೊತ್ತಿರುತ್ತದೆ. ಅವರಿಂದ ಪಟ್ಟಿ ತರಿಸಿಕೊಳ್ಳಲಿ. ಕಟ್ಟುವಾಗ ಶೀಟಿನ ಚಪ್ಪರ ಬೇಡ, ಮೂರು ಕಡೆ ಗೋಡೆ, ಎತ್ತರದ ನೆಲ, ಮುಂದೆ ಚಾಚಿದ ಮಾಡು ಇರಲಿ. ಬದಿ ತೆರೆದ ಕಟ್ಟಡ ಮಳೆಯಿಂದ ಕಾಪಾಡಿದರೂ ಸಿಡಿಲಿನಿಂದ ಪೂರ್ತಿ ಕಾಪಾಡದು. ಹಾಗಾಗಿ ರಸ್ತೆಗೆ ಹತ್ತಿರವಿರುವ ಶಾಲೆ, ಅಂಗನವಾಡಿ, ಪಂಚಾಯಿತಿ ಕಟ್ಟಡಗಳಿಗೆ ಸಿಡಿಲು ನಿರೋಧಕ ಅಳವಡಿಸಿ, ಗುಡುಗಿನ ಹೊತ್ತಿನಲ್ಲಿ ದಾರಿಹೋಕರು ಒಳಗೆ ಬರಬಹುದೆಂಬ ಫಲಕವನ್ನು ರಸ್ತೆಯಲ್ಲಿ ಹಾಕಲಿ. ಏಪ್ರಿಲಿನಲ್ಲಿ ಗುಡುಗಿನ ಮಳೆ ಮತ್ತೆ ಶುರುವಾಗುತ್ತದೆ. ಪೂರ್ತಿ ಕೆಲಸ ಅಷ್ಟರಲ್ಲಿ ಮುಗಿಯದಿದ್ದರೂ, ಶಾಲೆಯ ಮಕ್ಕಳು ಬಸ್ ಕಾಯುವ ನಿಲುಗಡೆಗಳನ್ನಾದರೂ ಮೊದಲು ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗಳು
ಶಿವಮೊಗ್ಗ